ಕೆಂಟಿನ ಚೆಂಡು, ಮೀರತ್ತಿನ ಹೊಲಿಗೆ

2025ರ ಜುಲೈನಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಲಾರ್ಡ್ಸ್ ಟೆಸ್ಟ್ ನೋಡಿದವರಿಗೆ ಚೆಂಡಿನ ಆ ಗಲಾಟೆ ನೆನಪಿರುತ್ತೆ. ಎರಡನೇ ದಿನ ಬೆಳಿಗ್ಗೆ ಬುಮ್ರಾ ಸ್ಟೋಕ್ಸ್, ರೂಟ್, ವೋಕ್ಸ್ ಮೂವರನ್ನೂ ಬೆನ್ನುಬೆನ್ನಿಗೆ ಕಳಿಸಿದ್ದ. ಆದರೂ ಹೊಸ ಚೆಂಡು ಆಕಾರ ಕೆಟ್ಟಿದೆ ಅಂತ ನಮ್ಮವರೇ ದೂರು ಕೊಟ್ಟರು. ಆಗ ಅದಕ್ಕೆ ಹತ್ತು ಓವರ್ ಚಿಲ್ಲರೆ ವಯಸ್ಸು. ಅಂಪೈರ್ ಜೇಬಿನಿಂದ ಅಳತೆಯ ಬಳೆ ತೆಗೆದು ಚೆಂಡನ್ನು ತೂರಿಸಿ ನೋಡಿದರು, ಬದಲಾಯಿಸಿದರು. ಬದಲಿ ಬಂದದ್ದು ಇನ್ನೂ ಹಳೇದು ಅಂತ ಗಿಲ್ ವಾದಕ್ಕೆ ನಿಂತ. ಎಂಟು ಓವರ್ ಆಗುವಷ್ಟರಲ್ಲಿ ಅದನ್ನೂ ಬದಲಾಯಿಸಿದರು. ಮಾರನೇ ದಿನ ಟಿವಿ ತುಂಬ ಇದೇ ಚರ್ಚೆ. ಚರ್ಮ ಸರಿಯಿಲ್ಲ, ಪಿಚ್ ಗಟ್ಟಿ, ಬ್ಯಾಟ್ ದಪ್ಪ, ಒಬ್ಬೊಬ್ಬರದು ಒಂದೊಂದು ಮಾತು.

ನನಗೆ ಕೊರೆಯುತ್ತಿದ್ದದ್ದು ಬೇರೆ. ಲಾರ್ಡ್ಸ್‌ನಿಂದ ದಕ್ಷಿಣಕ್ಕೆ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಕೆಂಟ್ ಜಿಲ್ಲೆಯ ಪೆನ್ಸ್‌ಹರ್ಸ್ಟ್ ಅನ್ನೋ ಹಳ್ಳಿಯಿದೆ. 1760ರಲ್ಲಿ ಡ್ಯೂಕ್ ಮನೆತನ ಚೆಂಡು ಮಾಡಲು ಶುರುಮಾಡಿದ್ದು ಅಲ್ಲಿ ಅನ್ನುತ್ತಾರೆ. ಆ ಹೆಸರೇ ಇವತ್ತಿಗೂ ಇಂಗ್ಲೆಂಡಿನ ಟೆಸ್ಟ್ ಚೆಂಡಿನ ಮೇಲೆ ಚಿನ್ನದ ಬಣ್ಣದಲ್ಲಿ ಹೊಳೆಯುವುದು. ಪೆನ್ಸ್‌ಹರ್ಸ್ಟ್, ಚಿಡಿಂಗ್‌ಸ್ಟೋನ್ ಕಾಸ್‌ವೇ, ಸೌತ್‌ಬರೋ, ಟೆಸ್ಟನ್. ಈ ಸುತ್ತಿನ ಹಳ್ಳಿಗಳಲ್ಲಿ ತಲೆಮಾರುಗಟ್ಟಲೆ ಇದೇ ಕಸುಬು. ಚೆಂಡು ಹೊಲಿಯುವವರದೇ ಕಾರ್ಮಿಕ ಸಂಘ ಇತ್ತು. ಆದರೆ 2017ರಲ್ಲಿ ಹೆರಿಟೇಜ್ ಕ್ರಾಫ್ಟ್ಸ್ ಅಸೋಸಿಯೇಷನ್‌ನವರು ಬ್ರಿಟನ್ನಿನ ಕೈಕಸುಬುಗಳ ಲೆಕ್ಕ ತೆಗೆದು, ಅಪಾಯದ ಪಟ್ಟಿ ಅಂತ ಮೊದಲ ಸಲ ಪ್ರಕಟಿಸಿದಾಗ, ಪೂರ್ತಿ ಅಳಿದುಹೋದದ್ದು ಅಂತ ನಾಲ್ಕನ್ನು ಗುರುತಿಸಿದರು. ಚಿನ್ನದ ರೇಕು ಬಡಿಯುವುದು, ಜರಡಿ ಹೆಣೆಯುವುದು, ಲಕ್ರಾಸ್ ಆಟದ ಕೋಲು ಮಾಡುವುದು. ನಾಲ್ಕನೆಯದು ಕೈಯಲ್ಲಿ ಕ್ರಿಕೆಟ್ ಚೆಂಡು ಹೊಲಿಯುವುದು.

ಜರಡಿಯನ್ನ ಈಗ ಯಾರು ಕೊಳ್ತಾರೆ, ಹೋಗಲಿ ಬಿಡಿ. (ಅದನ್ನು ಆಮೇಲೆ ಒಬ್ಬರು ಕಲಿತು ಮತ್ತೆ ಶುರುಮಾಡಿದರು, ಅದೇ ಬೇರೆ ಕಥೆ.) ಆದರೆ ಕ್ರಿಕೆಟ್ ಚೆಂಡು? ಬೇಸಿಗೆಯ ಯಾವ ಶನಿವಾರ ಬೇಕಾದರೂ ಈ ದೇಶದಲ್ಲಿ ಕಾರು ಓಡಿಸಿ ನೋಡಿ, ಊರಿಗೊಂದು ಮೈದಾನದಲ್ಲಿ ಬಿಳಿ ಬಟ್ಟೆಯವರು ನಿಂತಿರುತ್ತಾರೆ. ಆಟ ಸತ್ತಿಲ್ಲ. ಬೇಡಿಕೆ ಸತ್ತಿಲ್ಲ. ಯಂತ್ರವೂ ಬಂದು ಕೆಲಸ ಕಿತ್ತುಕೊಂಡಿಲ್ಲ. ಡ್ಯೂಕ್ಸ್ ಚೆಂಡಿನ ಆರೂ ಸಾಲು ಹೊಲಿಗೆ ಇವತ್ತಿಗೂ ಮನುಷ್ಯರ ಕೈಯಿಂದಲೇ ಆಗಬೇಕು. ಹಾಗಾದರೆ ಕಸುಬು ಸತ್ತದ್ದು ಹೇಗೆ?

ಈ ಪ್ರಶ್ನೆ ಯಾಕೆ ಮುಖ್ಯ ಅಂದರೆ, ಬ್ರಿಟನ್ನಿನ ಕೈಗಾರಿಕೆ ಕುಸಿದದ್ದಕ್ಕೆ ನಾವೆಲ್ಲ ಎರಡು ಸಿದ್ಧ ಉತ್ತರ ಇಟ್ಟುಕೊಂಡಿದ್ದೇವೆ. ಒಂದು, ಯಂತ್ರ ಬಂತು. ಇನ್ನೊಂದು, ಥ್ಯಾಚರ್ ಬಂದರು. ಕಲ್ಲಿದ್ದಲಿಗೆ, ಉಕ್ಕಿಗೆ ಆ ಉತ್ತರಗಳಲ್ಲಿ ಹುರುಳಿದೆ. ಚೆಂಡಿನ ವಿಷಯದಲ್ಲಿ ಎರಡೂ ನಡೆಯಲ್ಲ.

ಸ್ಕೋರ್ ಬರೆಯುವ ಮುದುಕರು

ನಾನು ಆಡುವುದು ಟನ್‌ಬ್ರಿಜ್ ಹತ್ತಿರದ ಒಂದು ಹಳ್ಳಿ ತಂಡದ ಎರಡನೇ ದರ್ಜೆ ಹನ್ನೊಂದರಲ್ಲಿ. ಆಡುವುದು ಅಂದರೆ, ಆಳು ಕಮ್ಮಿ ಬಿದ್ದಾಗ ಕರೀತಾರೆ. ಬೆಂಗಳೂರಿನವರಿಬ್ಬರು, ಮಧುರೈನವರೊಬ್ಬರು, ಲಾಹೋರಿನ ಒಬ್ಬ ಡಾಕ್ಟರ್ ಇಲ್ಲದಿದ್ದರೆ ಆ ತಂಡ ಎಂದೋ ಬಾಗಿಲು ಹಾಕಿರುತ್ತಿತ್ತು. ನಮ್ಮ ಸ್ಕೋರ್ ಬರೆಯುವವರು ಎಂಬತ್ತು ದಾಟಿದ ಹಿರಿಯರು. ಮಳೆ ಬಂದು ಆಟ ನಿಂತಿದ್ದ ಒಂದು ಮಧ್ಯಾಹ್ನ ಪೆವಿಲಿಯನ್ನಿನಲ್ಲಿ ಚಹಾ ಕುಡಿಯುತ್ತಾ ಲಾರ್ಡ್ಸ್ ವಿಷಯ ತೆಗೆದೆ. ಅವರು ಏನೂ ಹೇಳದೆ ಕಿಟ್ ಚೀಲದಿಂದ ಚೆಂಡು ಎತ್ತಿಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಸೀಮ್, ಅಂದರೆ ನಡುವಿನ ಉಬ್ಬು ಹೊಲಿಗೆಯ ಮೇಲೆ ಒಂದು ಸುತ್ತು ಎಳೆದರು. ಒಂದು ಕಡೆ ಉಗುರು ನಿಲ್ಲಿಸಿ, "ಇಲ್ಲಿ ಅವನಿಗೆ ಸುಸ್ತಾಗಿದೆ" ಅಂದರು.

ಅವರು ಹದಿನೈದನೇ ವಯಸ್ಸಿಗೆ ಚೆಂಡಿನ ಕಾರ್ಖಾನೆ ಸೇರಿದವರಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಕೇಳಿದ ಮೇಲೆ ಹೇಳುತ್ತಾ ಹೋದರು. ಒಳಗೆ ಕಾರ್ಕಿನ ತಿರುಳು, ಅದರ ಸುತ್ತ ಒದ್ದೆ ಉಣ್ಣೆದಾರ ಬಿಗಿಯಾಗಿ ಸುತ್ತಿ, ಬಡಿದು, ಮತ್ತೆ ಸುತ್ತಿ ಗುಂಡಗೆ ಮಾಡಬೇಕು. ಮೇಲಿನ ಚರ್ಮ ನಾಲ್ಕು ಹೋಳು, ಕಿತ್ತಳೆ ಸಿಪ್ಪೆಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿದ ಹಾಗೆ. ಎರಡೆರಡು ಹೋಳನ್ನು ಒಳಮಗ್ಗುಲಿಂದ ಹೊಲಿದು ತಿರುಗಿಸಿದರೆ ಒಂದು ಬಟ್ಟಲು. ಆ ಹೊಲಿಗೆ ಹೊರಗೆ ಕಾಣಬಾರದು. ಎರಡು ಬಟ್ಟಲನ್ನು ತಿರುಳಿನ ಮೇಲೆ ಕೂರಿಸಿ, ಮರದ ಹಿಡಿಕೆಯಲ್ಲಿ ಕಚ್ಚಿಸಿ, ನಡುವೆ ಹೊಲಿಯಬೇಕು. ದಬ್ಬಳದಿಂದ ತೂತು, ಆ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ಮೇಣ ಹಚ್ಚಿದ ನಾರಿನ ದಾರ. ಎರಡೂ ಕೈ ಚಾಚಿ ಒಂದೇ ಸಮ ಎಳೆಯಬೇಕು. ಇದು ನಡುವಿನ ಎರಡು ಸಾಲು, ಆಮೇಲೆ ಅಕ್ಕಪಕ್ಕ ಇನ್ನೆರಡೆರಡು. ಒಟ್ಟು ಆರು. ಕಡೆಗೆ ತೂಕ 156ರಿಂದ 163 ಗ್ರಾಂ ಒಳಗೆ ಬರಬೇಕು. ಒಂದು ಗ್ರಾಂ ಆಚೆಗೆ ಹೋದರೂ ಅದು ಪ್ರಾಕ್ಟೀಸ್ ಚೆಂಡು, ಕೂಲಿ ಕಮ್ಮಿ.

"ಎರಡೂ ಕೈ ಒಂದೇ ಸಮ" ಅನ್ನುವಾಗ ಅವರು ಕೈ ಚಾಚಿ ತೋರಿಸಿದರು. ಈ ವಯಸ್ಸಿನಲ್ಲೂ ತೋಳು ಸರಕ್ಕನೆ ಅಗಲವಾಯಿತು. ಪಕ್ಕದಲ್ಲಿದ್ದ ಚಹಾ ಲೋಟ ಉರುಳಿತು. ಕಿರುಬೆರಳ ಬುಡದಲ್ಲಿ ದಾರ ಕೊರೆದ ಗೀರು ಇನ್ನೂ ಇದೆ. ಬಲ ಬಂದು, ಅಳತೆ ತಿಳಿದು, ಒಬ್ಬನೇ ಚೆಂಡು ಮುಗಿಸುವಂತಾಗಲು ಐದು ವರ್ಷ ಬೇಕಿತ್ತು ಅಂದರು.

ಆಮೇಲೆ ನಾನು ಕೇಳಬಾರದಿದ್ದ ಪ್ರಶ್ನೆ ಕೇಳಿದೆ. ಅಂದರೆ, ಉತ್ತರ ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತೇವಲ್ಲ, ಆ ಥರದ್ದು. ಮಗನಿಗೆ ಯಾಕೆ ಕಲಿಸಲಿಲ್ಲ? ಅವರು ನಕ್ಕುಬಿಟ್ಟರು. ಯಾಕೆ ಕಲಿಸಬೇಕಿತ್ತು? ಟನ್‌ಬ್ರಿಜ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಮುಕ್ಕಾಲು ಗಂಟೆಗೆ ಲಂಡನ್. ಮಗ ಇನ್ಶೂರೆನ್ಸ್ ಆಫೀಸಿಗೆ ಸೇರಿದ ಮೊದಲ ವರ್ಷವೇ ಇವರಿಗಿಂತ ಜಾಸ್ತಿ ತರುತ್ತಿದ್ದ. ಬೆರಳೂ ಹರಿಯುತ್ತಿರಲಿಲ್ಲ. ಕೊನೆಕೊನೆಗೆ ಇವರ ಕಾರ್ಖಾನೆಯಲ್ಲಿ ಹೊಲಿಗೆಯೇ ಇರಲಿಲ್ಲವಂತೆ. ಪೆಟ್ಟಿಗೆಗಳಲ್ಲಿ ಹೊಲಿದ ಚೆಂಡು ಬರುತ್ತಿತ್ತು. ಇವರು ಪಾಲಿಶ್ ಹಚ್ಚಿ, ತೂಗಿ, ಚಿನ್ನದ ಮುದ್ರೆ ಒತ್ತುತ್ತಿದ್ದರು. "ಒಳ್ಳೆ ಹೊಲಿಗೆಯೇ ಇತ್ತು" ಅಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಕಹಿ ಇದ್ದಿರಬಹುದು, ಮಳೆ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ.

ಕೈ ಎಲ್ಲಿ ಅಗ್ಗವೋ ಅಲ್ಲಿಗೆ

ಪೆಟ್ಟಿಗೆಗಳು ಬರುತ್ತಿದ್ದದ್ದು ನಮ್ಮ ಕಡೆಯಿಂದ. ಬ್ರಿಟಿಷರ ದಂಡು ಇದ್ದ ಸಿಯಾಲ್‌ಕೋಟ್‌ನಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಆಟದ ಸಾಮಾನು ಮಾಡುವ ಕಸುಬು ಬೇರು ಬಿಟ್ಟಿತು. ಸಾಹೇಬರ ರಾಕೆಟ್ಟು, ಬ್ಯಾಟು ರಿಪೇರಿ ಮಾಡುತ್ತಾ ಮಾಡುತ್ತಾ ನಮ್ಮವರು ಹೊಸದನ್ನೇ ಮಾಡತೊಡಗಿದರು. 1947ರಲ್ಲಿ ದೇಶ ಒಡೆದಾಗ ಅಲ್ಲಿಂದ ಬಂದವರು ಜಲಂಧರ್‌ನಲ್ಲಿ, ಮೀರತ್‌ನಲ್ಲಿ ಮತ್ತೆ ಅಂಗಡಿ ಹಾಕಿದರು. ನಮ್ಮ ಟೆಸ್ಟ್‌ಗಳಲ್ಲಿ ಬಳಸುವ ಎಸ್‌ಜಿ ಚೆಂಡಿನ ಮನೆತನದ ಕಥೆಯೂ ಇದೇ. ಸಿಯಾಲ್‌ಕೋಟ್‌ನಲ್ಲಿ ಶುರು, ಈಗ ಮೀರತ್. ಇಂಗ್ಲೆಂಡಿನ ಅಂಗಡಿಗಳಿಗೆ ಈ ಚೆಂಡುಗಳು ಬರಲು ಶುರುವಾದ ಮೇಲೆ ಕೆಂಟಿನ ಲೆಕ್ಕ ಕೂಡಲಿಲ್ಲ. 1960ರ ದಶಕದಲ್ಲಿ ಅಲ್ಲಿನ ಕೆಲವು ಹಳೆ ಹೆಸರುಗಳು ಒಂದೇ ಸೂರಿನಡಿ ಬಂದವು. ಒಟ್ಟಾದರೆ ಉಳಿಯಬಹುದು ಅನ್ನೋ ಆಸೆ. ಉಳಿಯಲಿಲ್ಲ.

ಡ್ಯೂಕ್ಸ್ ಹೆಸರನ್ನು 1987ರಲ್ಲಿ ಕೊಂಡವರು ದಿಲೀಪ್ ಜಜೋಡಿಯಾ. ಹುಟ್ಟಿದ್ದು ಬೆಂಗಳೂರಲ್ಲಿ, ಓದಿದ್ದು ಬಿಷಪ್ ಕಾಟನ್ ಶಾಲೆಯಲ್ಲಿ. ಸ್ಕಾಟ್ಲೆಂಡಿನ ದನದ ಚರ್ಮ, ಅದನ್ನು ಹದ ಮಾಡುವುದು ಚೆಸ್ಟರ್‌ಫೀಲ್ಡ್‌ನಲ್ಲಿ, ಹೊಲಿಗೆ ನಮ್ಮ ಉಪಖಂಡದಲ್ಲಿ, ಕಡೆಯ ಪಾಲಿಶ್ ಮತ್ತು ಆಯ್ಕೆ ಲಂಡನ್ನಿನ ವಾಲ್ತಮ್‌ಸ್ಟೋದಲ್ಲಿ. ಟೆಸ್ಟ್‌ಗೆ ಹೋಗುವ ಚೆಂಡನ್ನು ಅವರೇ ಕೈಯಲ್ಲಿ ಹಿಡಿದು ಆರಿಸುತ್ತಾರೆ. ಇದನ್ನು ಓದಿದಾಗ ಬೆಂಗಳೂರಿನವರೊಬ್ಬರು ಇಂಗ್ಲಿಷರ ಚೆಂಡಿಗೆ ಯಜಮಾನರು ಅಂತ ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಗಮನಿಸಿ. ಚರ್ಮ ಹದ ಮಾಡುವ ಕೆಲಸ ಇಂಗ್ಲೆಂಡಲ್ಲೇ ಉಳಿದಿದೆ, ಅದಕ್ಕೆ ಡ್ರಮ್ಮು, ಯಂತ್ರ ಬೇಕು. ಆರಿಸುವ ಕೆಲಸ ಉಳಿದಿದೆ, ಅದಕ್ಕೆ ಕಣ್ಣು ಮತ್ತು ಹೆಸರು ಬೇಕು. ಹೋದದ್ದು ಗಂಟೆಗಟ್ಟಲೆ ಕೂತು ಎರಡು ಕೈಯಲ್ಲಿ ದಾರ ಎಳೆಯುವ ಕೆಲಸ. ಯಂತ್ರದ ಕೈಗೆ ಸಿಗದ ಕೆಲಸವೇ ಮೊದಲು ಊರು ಬಿಟ್ಟಿತು! ಯಂತ್ರ ಬಂದಿದ್ದರೆ ಬಹುಶಃ ಆ ಯಂತ್ರ ಕೆಂಟಿನಲ್ಲೇ ಇರುತ್ತಿತ್ತು.

ನಾನು ಇದರಿಂದ ಮುಟ್ಟಿದ ತೀರ್ಮಾನ ಇಷ್ಟೇ. ಬ್ರಿಟನ್ ಏನನ್ನೂ ಮಾಡುವುದಿಲ್ಲ ಅನ್ನೋ ಮಾತು ಸುಳ್ಳು. ಡರ್ಬಿಯಲ್ಲಿ ರೋಲ್ಸ್ ರಾಯ್ಸ್‌ನವರು ವಿಮಾನದ ಎಂಜಿನ್ ಮಾಡುತ್ತಾರೆ. 1970ರ ಆಸುಪಾಸಿನಲ್ಲಿ ಇಲ್ಲಿನ ಆರ್ಥಿಕತೆಯ ಕಾಲುಭಾಗಕ್ಕಿಂತ ಜಾಸ್ತಿ ಇದ್ದ ಉತ್ಪಾದನೆ ಈಗ ಹತ್ತರಲ್ಲೊಂದು ಪಾಲಿನ ಹತ್ತಿರ ಬಂದಿದೆ, ನಿಜ. ಆದರೆ ಉಳಿದಿರುವುದು ತುಂಬ ದುಬಾರಿ ಯಂತ್ರದ ಕೆಲಸ, ಇಲ್ಲವೇ ತುಂಬ ದುಬಾರಿ ಕೈಕೆಲಸ. ನಡುವಿನದು ಹೋಯಿತು. ಸಾಧಾರಣ ಜನ ಕೊಳ್ಳುವ, ಕೈಯಿಂದಲೇ ಆಗಬೇಕಾದ, ಆದರೆ ಬೆಲೆ ಏರಿಸಲಾಗದ ವಸ್ತುಗಳು. ನಾರ್ದಾಂಪ್ಟನ್ನಿನ ಬೂಟು ನೋಡಿ. ಟ್ರಿಕರ್ಸ್‌ನವರು 1829ರಿಂದ ಮಾಡುತ್ತಿದ್ದಾರೆ, ಈಗಲೂ ಮಾಡುತ್ತಾರೆ. ಒಂದು ಜೊತೆಗೆ ನೂರಾರು ಪೌಂಡ್ ಕೊಡುವವರು ಜಪಾನಿನಲ್ಲಿ, ಅಮೆರಿಕದಲ್ಲಿ ಸಿಗುತ್ತಾರೆ. ಆ ಬೂಟನ್ನು ಇಪ್ಪತ್ತು ವರ್ಷ ಹಾಕಬಹುದು. ಕ್ರಿಕೆಟ್ ಚೆಂಡಿನ ಆಯಸ್ಸು ಎಂಬತ್ತು ಓವರ್. ಹಳ್ಳಿ ತಂಡಕ್ಕೆ ವಾರಕ್ಕೆ ಒಂದೆರಡು ಬೇಕು, ಪೊದೆಯಲ್ಲಿ ಕಳೆದುಹೋದರೆ ಇನ್ನೂ ಒಂದು. ಬಡಿಸಿಕೊಳ್ಳಲೆಂದೇ ಹುಟ್ಟಿದ ವಸ್ತುವನ್ನು ಐಷಾರಾಮಿ ಮಾಡೋದು ಹೇಗೆ?

ಬ್ಯಾಟ್ ಇನ್ನೂ ಇಲ್ಲಿ ಉಸಿರು ಹಿಡಿದಿದೆ. ಕಾರಣ ಮರ. ಎಸೆಕ್ಸ್‌ನ ತೇವದ ನೆಲದಲ್ಲಿ ಬೆಳೆಯುವ ವಿಲೋ ಬೇರೆ ಕಡೆ ಹಾಗೆ ಬರಲ್ಲ ಅಂತಾರೆ. ನೆಟ್ಟು ಹದಿನೈದು ಇಪ್ಪತ್ತು ವರ್ಷ ಕಾಯಬೇಕು. ಜೆ.ಎಸ್. ರೈಟ್ ಅನ್ನೋ ಕುಟುಂಬ 1894ರಿಂದ ಇದೇ ವ್ಯಾಪಾರದಲ್ಲಿದೆ. ಆದರೆ ಸೀಳಿದ ಮರ ಹಡಗು ಹತ್ತಿ ಹೋಗುವುದು ಎಲ್ಲಿಗೆ? ಹೆಚ್ಚಿನದು ಮೀರತ್, ಜಲಂಧರ್‌ಗೇ. ಒಂದು ಕಾಲಕ್ಕೆ ನಮ್ಮ ಹತ್ತಿ ಲಂಕಾಷೈರಿಗೆ ಹೋಗಿ ಬಟ್ಟೆಯಾಗಿ ವಾಪಸ್ ಬರುತ್ತಿತ್ತು. ಈಗ ಅವರ ಮರ ನಮ್ಮಲ್ಲಿಗೆ ಹೋಗಿ ಬ್ಯಾಟಾಗಿ ವಾಪಸ್ ಬರುತ್ತದೆ.

ಇಲ್ಲಿ ಒಳಗೊಳಗೇ ಹಿಗ್ಗುವ ಆಸೆ ಆಗುತ್ತೆ, ಅಲ್ವಾ? ಮಾಡಿದ್ದುಣ್ಣೋ ಮಹರಾಯ ಅಂತ. ನಮ್ಮ ನೇಕಾರರ ಹೊಟ್ಟೆ ಮೇಲೆ ಹೊಡೆದದ್ದು ಇದೇ ಮ್ಯಾಂಚೆಸ್ಟರ್ ಅಂತ ಮೇಷ್ಟ್ರು ಪಾಠ ಮಾಡಿದ್ದು ನನಗೂ ನೆನಪಿದೆ. ಆದರೆ ನಾನು ದಾವಣಗೆರೆಯವನು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ನಮ್ಮ ಮಿಲ್ಲುಗಳೂ ಒಂದೊಂದಾಗಿ ಬೀಗ ಹಾಕಿಕೊಳ್ಳುತ್ತಿದ್ದವು. ಬೀದಿಗೊಬ್ಬರು ಮಿಲ್ಲಿನಿಂದ ಮನೆಗೆ ಬಂದು ಕೂತವರಿದ್ದರು. ಹಾಗಾಗಿ ಹಿಗ್ಗುವುದು ನನ್ನಿಂದ ಆಗಲಿಲ್ಲ.

ಪಿ.ಬಿ. ರಸ್ತೆಯ ಅಜ್ಜ

ಸ್ಕೋರರ್ ಕೈ ಚಾಚಿದ್ದು ನೋಡಿದಾಗ ನನಗೆ ನೆನಪಾದದ್ದು ದಾವಣಗೆರೆಯ ಪಿ.ಬಿ. ರಸ್ತೆಯ ಬದಿಯಲ್ಲಿ ಗೋಣಿತಾಟು ಹಾಸಿ ಕೂರುತ್ತಿದ್ದ ಚಪ್ಪಲಿ ಹೊಲಿಯುವ ಅಜ್ಜ. ನಾವು ಹುಡುಗರು ಚಂದಾ ಎತ್ತಿ ಕೊಳ್ಳುತ್ತಿದ್ದ ಲೆದರ್ ಬಾಲ್ ಎರಡು ವಾರಕ್ಕೆ ಬಾಯಿ ಬಿಡುತ್ತಿತ್ತು. ಹೊಸದಕ್ಕೆ ದುಡ್ಡೆಲ್ಲಿ? ಹೈಸ್ಕೂಲ್ ಮೈದಾನದಿಂದ ಸೀದಾ ಅಜ್ಜನ ಹತ್ತಿರ ಓಟ. "ಅಜ್ಜಾ, ಸಂಜೆ ಮ್ಯಾಚೈತೆ." ಅಜ್ಜ ಚೆಂಡು ತಿರುಗಿಸಿ ನೋಡಿ, "ಏನ್ ಕಲ್ಲಿಗೆ ಹೊಡೀತೀರೇನೋ ತಮ್ಮಾ?" ಅನ್ನುತ್ತಿದ್ದ. ಚೆಂಡನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ದಬ್ಬಳ ಚುಚ್ಚಿ, ಕರಿ ಮೇಣ ತಿಕ್ಕಿದ ದಾರ ಎಳೆಯುತ್ತಿದ್ದ. ಹೊಲಿದಾದ ಮೇಲೆ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಸೀಮನ್ನು ಮೆಲ್ಲಗೆ ತಟ್ಟಿ ಕೂರಿಸುತ್ತಿದ್ದ. ಅಂಥ ಚೆಂಡು ಕಾಯ್ದೆ ಪ್ರಕಾರ ಯಾವ ಬಳೆಯಲ್ಲೂ ತೂರುತ್ತಿರಲಿಲ್ಲ. ಆದರೆ ಸೀಮ್ ಎದ್ದಿರುತ್ತಿತ್ತು ನೋಡಿ, ನನ್ನಂಥವನ ಬೌಲಿಂಗೂ ಒಳಗೆ ಬರುತ್ತಿತ್ತು!

ಈ ನೆನಪನ್ನು ಇಷ್ಟಕ್ಕೇ ನಿಲ್ಲಿಸಿದರೆ ಚೆಂದ. ಆದರೆ ಚೆಂಡು ಹಿಡಿದು ಮನೆಗೆ ಬಂದರೆ ನಮ್ಮಜ್ಜಿ ಬಾಗಿಲಲ್ಲೇ ತಡೆಯುತ್ತಿದ್ದಳು. "ಜಗಲಿ ಮೇಲೇ ಇಟ್ಟು ಕೈಕಾಲು ತೊಳಕೊಂಡು ಬಾ." ಚೆಂಡು ಒಳಗೆ ಬರುವಂತಿಲ್ಲ. ಅದು ಬರೀ ಧೂಳಿನ ಮಾತಲ್ಲ ಅಂತ ಆಗ ನನಗೆ ತಿಳಿಯಲಿಲ್ಲ. ಯಾರ ಕೈ ಮುಟ್ಟಿದ್ದು, ಯಾವುದರ ಚರ್ಮ ಅನ್ನೋ ಲೆಕ್ಕ ಅದರಲ್ಲಿತ್ತು. ಮೀರತ್ತಿನಲ್ಲೂ ಚರ್ಮದ ಕೆಲಸ ಬಹುಪಾಲು ದಲಿತರ ಪಾಲಿಗೇ ಬಂದದ್ದು ಸುಮ್ನೆ ಅಲ್ಲ. ಕೆಂಟಿನ ಮುದುಕರ ಮಗನಿಗೆ ಲಂಡನ್ ರೈಲು ಇತ್ತು. ಚೆಂಡು ಹೊಲಿಯುವವನ ಮಗ ಅಂತ ಇನ್ಶೂರೆನ್ಸ್ ಆಫೀಸಿನಲ್ಲಿ ಯಾರೂ ಮೂಗು ಮುರಿಯಲಿಲ್ಲ. ಅವನಿಗೆ ಹೊರಗೆ ಬರುವುದು ಸಲೀಸು, ಮೀರತ್ತಿನವರಿಗೆ ಅಷ್ಟು ಸಲೀಸಿನ ಹೊರದಾರಿ ಇರಲಿಲ್ಲ. ಕೈ ಎಲ್ಲಿ ಅಗ್ಗ ಅಂತ ಕೇಳಿದರೆ ಸಾಲದು, ಯಾಕೆ ಅಗ್ಗ ಅಂತಲೂ ಕೇಳಬೇಕಾಗುತ್ತೆ.

ಅದಕ್ಕೇ ಕಳೆದುಹೋದ ಕಸುಬುಗಳ ಬಗ್ಗೆ ಇಲ್ಲಿನ ಪತ್ರಿಕೆಗಳಲ್ಲಿ ಬರುವ ಹಳಹಳಿಕೆ ಓದುವಾಗ ನನಗೆ ಅರ್ಧ ಒಪ್ಪಿಗೆ, ಅರ್ಧ ಕಿರಿಕಿರಿ. ಶೆಫೀಲ್ಡಿನಲ್ಲಿ ಚಾಕು ಮಸೆಯುತ್ತಿದ್ದವರು ಕಲ್ಲಿನ ಧೂಳು ಕುಡಿದು ಎಳೇ ವಯಸ್ಸಿಗೇ ಎದೆರೋಗದಿಂದ ಸಾಯುತ್ತಿದ್ದರು. ಅದು ವಾಪಸ್ ಬರಲಿ ಅಂತ ಯಾರಾದರೂ ಹರಕೆ ಹೊರುತ್ತಾರಾ?

ಐದು ವರ್ಷ ಯಾರ ಹತ್ತಿರ ಇದೆ?

ಒಪ್ಪುವ ಅರ್ಧವನ್ನೂ ಹೇಳಬೇಕು. ಶೆಫೀಲ್ಡಿನದೇ ಕತ್ತರಿ ಕಥೆ ಇದೆ. ಅರ್ನೆಸ್ಟ್ ರೈಟ್ ಅನ್ನೋ ಕಂಪನಿ 1902ರಿಂದ ಕತ್ತರಿ ಮಾಡಿಕೊಂಡು ಬಂದದ್ದು. 2014ರಲ್ಲಿ ಅಲ್ಲಿನ ಕೆಲಸಗಾರರೊಬ್ಬರ ಮೇಲೆ ಮಾಡಿದ ಪುಟ್ಟ ಚಿತ್ರವೊಂದು ಜಗತ್ತೆಲ್ಲ ಹರಿದಾಡಿತು. ಕತ್ತರಿಯ ಎರಡು ಅಲಗು ಚಪ್ಪಟೆಯಾಗಿ ಕೂತರೆ ಬಟ್ಟೆ ಕತ್ತರಿಸಲ್ಲ. ಎರಡೂ ಸ್ವಲ್ಪ ಬಾಗಿರಬೇಕು, ಮುಚ್ಚುವಾಗ ಒಂದೇ ಒಂದು ಬಿಂದುವಿನಲ್ಲಿ ಮುಟ್ಟಬೇಕು, ಆ ಬಿಂದು ಬುಡದಿಂದ ತುದಿಗೆ ಜಾರಬೇಕು. ಅದನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ, ಬೆಳಕಿಗೆ ಹಿಡಿದು ನೋಡಿ ಕೂರಿಸಬೇಕು. ಚಿತ್ರ ನೋಡಿದವರು ಮುಗಿಬಿದ್ದರು. ಆರ್ಡರ್ ಮೇಲೆ ಆರ್ಡರ್. ಮಾಡಲು ಕೈಗಳಿರಲಿಲ್ಲ. ಈ ಕೆಲಸ ಕಲಿಯಲೂ ಐದು ವರ್ಷವಂತೆ. 2018ರಲ್ಲಿ ಕಂಪನಿ ಮುಳುಗಿತು. ಕೊಂಡು ಮತ್ತೆ ನಡೆಸಿದವರು ನೆದರ್ಲೆಂಡ್ಸಿನ ಇಬ್ಬರು.

ಇದನ್ನು ಓದಿದ ಮೇಲೆ ಬೇಡಿಕೆ ಇದ್ದರೆ ಕಸುಬು ತಾನಾಗಿ ಉಳಿಯುತ್ತೆ ಅನ್ನೋ ನಂಬಿಕೆ ನನಗೆ ಹೋಯಿತು. ಹಣ ಇವತ್ತು ಬರುತ್ತೆ, ಕೈ ಐದು ವರ್ಷಕ್ಕೆ ಬರುತ್ತೆ. ಆ ಐದು ವರ್ಷ ಹುಡುಗನಿಗೆ ಯಾರು ಸಂಬಳ ಕೊಡಬೇಕು? ಹಿಂದೆ ಯಜಮಾನ ಕೊಡುತ್ತಿದ್ದ, ಯಾಕೆಂದರೆ ಹುಡುಗ ಕಲಿತ ಮೇಲೆ ನಲವತ್ತು ವರ್ಷ ಅಲ್ಲೇ ಇರುತ್ತಾನೆ ಅನ್ನೋ ಭರವಸೆ. ಒಂದು ತಲೆಮಾರು ತಪ್ಪಿದರೆ ಸಾಕು, ಹೇಳಿಕೊಡುವವರೇ ಇರಲ್ಲ. ಪುಸ್ತಕ ನೋಡಿ ಚೆಂಡಿನ ಅಳತೆ ಕಲಿಯಬಹುದು. ಎರಡೂ ಕೈ ಒಂದೇ ಸಮ ಎಳೆಯುವುದು ಅಂದರೆ ಎಷ್ಟು ಅಂತ ಪಕ್ಕದಲ್ಲಿ ಕೂತವರೇ ಬೈದು ಹೇಳಬೇಕು. 2023ರ ಪಟ್ಟಿಯಲ್ಲಿ ಊದಿ ಮಾಡುವ ಕಿಟಕಿ ಗಾಜೂ ಅಳಿದ ಕಸುಬುಗಳ ಸಾಲಿಗೆ ಸೇರಿತು. ಎಷ್ಟೋ ಹಳೆ ಚರ್ಚುಗಳಿವೆ ಈ ದೇಶದಲ್ಲಿ, ಅದೇ ಥರದ ಗಾಜು ಬೇಕು ಅಂದರೆ ಇನ್ನು ಹೊರದೇಶದಿಂದ ತರಿಸಬೇಕು.

ನಮ್ಮ ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಚೆಂಡಿನ ವಿಷಯ ಪ್ರತಿ ಸಲ ಬರುತ್ತೆ. ಖಜಾಂಚಿ ಎರಡು ಮೂರು ಮಾದರಿ ಮೇಜಿನ ಮೇಲಿಡುತ್ತಾರೆ. ಎಲ್ಲವೂ ನಮ್ಮ ಉಪಖಂಡದಲ್ಲೇ ಹೊಲಿದದ್ದು, ಎಲ್ಲದರ ಮೇಲೂ ಇಂಗ್ಲಿಷ್ ಹೆಸರು. ಅಗ್ಗದ್ದಕ್ಕೆ ಕೈ ಏಳುತ್ತವೆ. ಸ್ಕೋರರ್ ಮಾತ್ರ ಮಾದರಿಗಳನ್ನು ಒಂದೊಂದಾಗಿ ಉಗುರಿನಲ್ಲಿ ಗೀರಿ, ಇದು ಒಳ್ಳೇದು ಅಂತ ಯಾವಾಗಲೂ ದುಬಾರಿಯದನ್ನೇ ತೋರಿಸುತ್ತಾರೆ. ಖಜಾಂಚಿ ಅದನ್ನು ಟಿಪ್ಪಣಿ ಮಾಡಿಕೊಂಡು ಅಗ್ಗದ್ದನ್ನೇ ತರಿಸುತ್ತಾರೆ. ಅವರನ್ನು ದೂರುವುದಕ್ಕೂ ಆಗಲ್ಲ. ಸದಸ್ಯತ್ವದ ದುಡ್ಡು ಹುಲ್ಲು ಕತ್ತರಿಸಲೇ ಸಾಲದು.

ಮೀರತ್ತಿನಲ್ಲೂ ಇದು ಶಾಶ್ವತ ಅಂತ ನನಗನ್ನಿಸಲ್ಲ. ಅಲ್ಲಿನ ಹೊಲಿಯುವವರ ಮಕ್ಕಳಿಗೂ ಡೆಲ್ಲಿ ಹತ್ತಿರವೇ, ಈಗ ವೇಗದ ರೈಲೂ ಬಂದಿದೆ. ಅವರೂ ಹತ್ತಿ ಹೋಗಲಿ, ಹೋಗಲೇಬೇಕು. ಆಗ ಕೈ ಇನ್ನೂ ಅಗ್ಗವಾಗಿರುವ ಜಾಗ ಹುಡುಕುತ್ತಾರೋ, ಇಲ್ಲ ಆಸ್ಟ್ರೇಲಿಯಾದ ಕೂಕಬುರಾ ಚೆಂಡಿನ ಹಾಗೆ ಹೊರಗಿನ ನಾಲ್ಕು ಸಾಲನ್ನು ಯಂತ್ರಕ್ಕೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೋ ನೋಡಬೇಕು. ಯಂತ್ರದ ಹೊಲಿಗೆಯ ಸೀಮ್ ಬೇಗ ಕೂತುಬಿಡುತ್ತೆ, ಇಪ್ಪತ್ತು ಓವರ್ ಆದ ಮೇಲೆ ಚೆಂಡು ಜಾಸ್ತಿ ಆಡಲ್ಲ. ಅದೇ ಸರಣಿಯ ಕೊನೆಗೆ ಓವಲ್‌ನಲ್ಲಿ ಆರು ರನ್ನಿಂದ ಗೆದ್ದ ಆ ಬೆಳಿಗ್ಗೆ ಸಿರಾಜ್, ನಮ್ಮ ಪ್ರಸಿದ್ಧ್ ಕೃಷ್ಣ ಹಳೆ ಚೆಂಡನ್ನೂ ಅಷ್ಟು ಆಡಿಸಿದ್ದು ಎದ್ದು ನಿಂತ ಆ ಕೈಹೊಲಿಗೆಯ ಮೇಲೆ. ಯಂತ್ರದ ಚೆಂಡು ಬಂದರೆ ಬೌಲರ್‌ಗಳು ದೂರು ಹೇಳುತ್ತಾರೆ. ಬ್ಯಾಟ್ಸ್‌ಮನ್‌ಗಳು ಹೇಳಲ್ಲ. ಕ್ರಿಕೆಟ್ ಬೋರ್ಡುಗಳಲ್ಲಿ ಯಾರ ಮಾತು ನಡೆಯುತ್ತೆ ಅಂತ ನಿಮಗೂ ಗೊತ್ತು.